ಕೊಡಗಿನಲ್ಲಿ ಉಚಿತ ಸಾರ್ವಜನಿಕ ಉಪನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಇತಿಹಾಸ, ಸಂಸ್ಕೃತಿ, ಊರಿನ ಆಡಳಿತ ಮುಂತಾದ ವಿಷಯಗಳ ಮೇಲೆ ನಾವು ಕೆಲವರು ಸೇರಿ ಮಡಿಕೇರಿಯಲ್ಲಿ ಉಪನ್ಯಾಸ ಇಡುತ್ತೇವೆ. ಆಗಾಗ ಗೋಣಿಕೊಪ್ಪ, ಸೋಮವಾರಪೇಟೆಗಳಲ್ಲೂ ನಡೆಯುವುದುಂಟು. ಸಭೆ ಮುಗಿದು ಬೆಲ್ಲದ ಕಾಫಿ ಕುಡಿಯುವ ಹೊತ್ತಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಫೋನಿನಲ್ಲಿ, ಕೆಲವೊಮ್ಮೆ ಅಂಚೆ ಕಾರ್ಡಿನಲ್ಲಿ ಅವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇವೆ.

## ಬರುವ ಮುಂಚೆ

ನಿಜವಾಗಿ ಫ್ರೀಯಾ ಸರ್? ಕೊನೆಗೆ ರಶೀದಿ ಪುಸ್ತಕ ಹಿಡ್ಕೊಂಡು ಬರ್ತೀರಾ?

ಬರುವುದಿಲ್ಲ. ಟಿಕೆಟ್ಟಿಲ್ಲ, ಸದಸ್ಯತ್ವವಿಲ್ಲ, ಬಾಗಿಲಲ್ಲಿ ಡಬ್ಬಿಯೂ ಇಲ್ಲ. ಸಭಾಂಗಣವನ್ನು ಯಾರಾದರೂ ಬಿಟ್ಟುಕೊಡುತ್ತಾರೆ. ಭಾಷಣಕಾರರ ಪ್ರಯಾಣ ಮತ್ತು ಕಾಫಿಯ ಖರ್ಚನ್ನು ನಾಲ್ಕಾರು ಜನ ಹಂಚಿಕೊಳ್ಳುತ್ತೇವೆ. ಪ್ರಾಯೋಜಕರ ಬ್ಯಾನರ್ ಮಾತ್ರ ಕಟ್ಟುವುದಿಲ್ಲ. ಈ ಸಲ ಬ್ಯಾನರ್ ಕೊಟ್ಟವರಿಗೆ ಮುಂದಿನ ಸಲ ಭಾಷಣಕಾರರನ್ನೂ ತಾವೇ ಆರಿಸುವ ಆಸೆ ಹುಟ್ಟುತ್ತದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಲ್ಲಿ ಬಂದು ಕೂತ್ರೆ ತಲೆಗೆ ಹತ್ತುತ್ತಾ?

ಹತ್ತುತ್ತದೆ. ಹತ್ತದಿದ್ದರೆ ಅದು ಭಾಷಣಕಾರರ ತಪ್ಪು. ಕರೆಯುವಾಗಲೇ ಅವರಿಗೆ ಹೇಳಿರುತ್ತೇವೆ: ಬರೆದು ತಂದದ್ದನ್ನು ಓದಬೇಡಿ, ಮುಕ್ಕಾಲು ಗಂಟೆ ದಾಟಬೇಡಿ, ಪಾರಿಭಾಷಿಕ ಪದ ಬಂದರೆ ಅಲ್ಲೇ ಬಿಡಿಸಿ ಹೇಳಿ. ಕೊಡಗಿನಲ್ಲಿ ಎಷ್ಟೋ ಸಲ ಪರಿಸ್ಥಿತಿ ತಿರುಗುಮುರುಗು. ಜಮ್ಮಾ ಹಿಡುವಳಿಯ (ಕೊಡಗಿನ ವಂಶಪಾರಂಪರ್ಯ ಜಮೀನು ಹಕ್ಕಿನ) ಇತಿಹಾಸ ಹೇಳಲು ಬಂದವರ ಎದುರಿಗೆ ಜಮ್ಮಾ ದಾಖಲೆಗಾಗಿ ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆದವರು ಕೂತಿರುತ್ತಾರೆ. ಅವರಿಗೆ ಅರ್ಥವಾಗುತ್ತದೋ ಎಂಬ ಚಿಂತೆ ನಮಗಿಲ್ಲ. ಭಾಷಣಕಾರರು ತಯಾರಾಗಿ ಬಂದಿದ್ದಾರೋ ಇಲ್ಲವೋ ಎಂಬುದೇ ಚಿಂತೆ.

ಸಂಜೆ ಇಡಬಾರದಾ? ಹಗಲು ತೋಟದ ಕೆಲಸ ಬಿಟ್ಟು ಯಾರು ಬರ್ತಾರೆ?

ಬೆಂಗಳೂರಿನಲ್ಲಾದರೆ ಸಂಜೆ ಆರೂವರೆ ಸರಿ. ಇಲ್ಲಿ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯವರು ಕತ್ತಲಾದ ಮೇಲೆ ಹೊರಟರೆ ದಾರಿಯಲ್ಲಿ ಆನೆ ನಿಂತಿರಬಹುದು. ಊರೊಳಗಿನ ಕೊನೆಯ ಬಸ್ಸು ಬೇಗ ಹೋಗಿಬಿಡುತ್ತದೆ. ಅದಕ್ಕೇ ರಜೆಯ ದಿನ ಬೆಳಗ್ಗೆ ಹತ್ತೂವರೆಗೆ ಇಡುತ್ತೇವೆ. ಆಯಾ ಊರಿನ ಸಂತೆಯ ದಿನವನ್ನು ಬಿಡುತ್ತೇವೆ.

ವರ್ಷದ ಲೆಕ್ಕ ಇನ್ನೂ ಕಷ್ಟ. ಹುತ್ತರಿ ಮುಗಿಯುವಷ್ಟರಲ್ಲಿ ಕಾಫಿ ಕೊಯ್ಲು ಶುರು. ಅರೇಬಿಕಾ ಆಯಿತು ಎನ್ನುವಾಗ ರೊಬಸ್ಟಾ ಹಣ್ಣಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆಗಳು, ಜೊತೆಗೆ 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ. ಹಾಕಿ ಫೈನಲ್ ದಿನ ಉಪನ್ಯಾಸ ಇಡುವವರು ಖಾಲಿ ಕುರ್ಚಿಗೆ ಮಾತಾಡಲು ಸಿದ್ಧರಿರಬೇಕು. ಉಳಿಯುವುದು ಮಳೆಗಾಲ. ತೋಟದ ಕೆಲಸ ಕಡಿಮೆ ಇರುವುದರಿಂದ ಜನ ಬರುತ್ತಾರೆ. ಆದರೆ ಶೀಟು ಹೊದಿಸಿದ ಸಭಾಂಗಣವಾದರೆ ಮಳೆಯ ಸದ್ದಿಗೆ ಭಾಷಣ ಕೇಳಿಸದು, ಹೆಂಚಿನ ಮಾಡೋ ತಾರಸಿಯೋ ಇರುವಲ್ಲಿ ಇಡಬೇಕು. 2018ರ ಆಗಸ್ಟಿನ ಭೂಕುಸಿತದ ನಂತರ ಒಂದು ನಿಯಮ ಗಟ್ಟಿಯಾಗಿದೆ: ಜಿಲ್ಲಾಡಳಿತ ರೆಡ್ ಅಲರ್ಟ್ ಕೊಟ್ಟರೆ ಭಾಷಣಕಾರರು ಎಷ್ಟೇ ದೊಡ್ಡವರಾಗಿರಲಿ, ಕಾರ್ಯಕ್ರಮ ಮುಂದಕ್ಕೆ.

ಭಾಷಣ ಕನ್ನಡದಲ್ಲಾ? ನಮ್ಮ ತಾಯಿಗೆ ಕೊಡವ ತಕ್ಕ್ ಬಿಟ್ರೆ ಸರಾಗ ಬರೋದಿಲ್ಲ.

ಭಾಷಣ ಹೆಚ್ಚಾಗಿ ಕನ್ನಡದಲ್ಲಿ. ಪ್ರಶ್ನೆ ಯಾವ ಭಾಷೆಯಲ್ಲೂ ಕೇಳಬಹುದು: ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಎರವ ಭಾಷೆ. ಈ ಜಿಲ್ಲೆಯಲ್ಲಿ ಯಾವ ಸಭೆಯಲ್ಲೂ ಪಕ್ಕದ ಕುರ್ಚಿಯವರು ತಿಳಿಸಿ ಹೇಳುತ್ತಾರೆ, ಅದಕ್ಕೆ ಬೇರೆ ವ್ಯವಸ್ಥೆ ಬೇಕಿಲ್ಲ. ತಾಯಿಯವರನ್ನು ಖಂಡಿತ ಕರೆದುಕೊಂಡು ಬನ್ನಿ, ಮುಂದಿನ ಸಾಲಿನಲ್ಲಿ ಕೂರಿಸಿ.

ಮಕ್ಕಳು?

ಬರಲಿ. ಬೇಸರವಾದರೆ ಹೊರಗೆ ಆಡಲಿ. ಹಾಜರಾತಿ ಸರ್ಟಿಫಿಕೇಟ್ ಮಾತ್ರ ಕೊಡುವುದಿಲ್ಲ.

## ಸಭೆಯಲ್ಲಿ

ಪ್ರಾರ್ಥನೆ ಇಲ್ಲ, ಸ್ವಾಗತ ಇಲ್ಲ, ಹಾರ ಇಲ್ಲ. ಇದೆಂತ ಕಾರ್ಯಕ್ರಮ?

ಈ ಆಕ್ಷೇಪವನ್ನು ಹಿರಿಯರೇ ಎತ್ತುವುದು, ಅದರಲ್ಲಿ ಪ್ರೀತಿಯೂ ಇದೆ. ಆದರೆ ಲೆಕ್ಕ ಹಾಕಿ ನೋಡಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಉದ್ಘಾಟಕರ ಮಾತು, ಮುಖ್ಯ ಅತಿಥಿಗಳ ಮಾತು, ಶಾಲು, ಹಾರ, ಸ್ಮರಣಿಕೆ, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ಇಷ್ಟರ ನಡುವೆ ಉಪನ್ಯಾಸಕ್ಕೆ ಇಪ್ಪತ್ತು ನಿಮಿಷ, ಪ್ರಶ್ನೆಗಳಿಗೆ ಸೊನ್ನೆ. ನಮ್ಮಲ್ಲಿ ಒಬ್ಬರು ಎದ್ದು ಭಾಷಣಕಾರರ ಹೆಸರು ಮತ್ತು ವಿಷಯ ಹೇಳಿ ಕೂರುತ್ತಾರೆ. ವೇದಿಕೆಯಲ್ಲಿ ಒಂದೇ ಕುರ್ಚಿ. ಎರಡನೆಯ ಕುರ್ಚಿ ಹಾಕಿದರೆ ಅದರಲ್ಲಿ ಯಾರನ್ನು ಕೂರಿಸಬೇಕೆಂಬ ಜಗಳ ಶುರುವಾಗುತ್ತದೆ.

ಪ್ರಶ್ನೆ ಅಂತ ಎದ್ದವರು ಇನ್ನೊಂದು ಭಾಷಣ ಬಿಗಿತಾರೆ. ನೀವು ಸುಮ್ನೆ ನೋಡ್ತಾ ಇರ್ತೀರಲ್ಲ?

ಎರಡು ನಿಮಿಷ ಸುಮ್ಮನಿರುತ್ತೇವೆ, ಅದು ನಿಜ. ಅಲ್ಲಿಗೆ ಪ್ರಶ್ನೆ ಬರದಿದ್ದರೆ "ಅಣ್ಣ, ಪ್ರಶ್ನೆ ಯಾವುದು?" ಎಂದು ಕೇಳುತ್ತೇವೆ. ಮೈಕನ್ನು ಯಾರ ಕೈಗೂ ಕೊಡುವುದಿಲ್ಲ, ನಮ್ಮವರೇ ಹಿಡಿದುಕೊಂಡು ನಿಲ್ಲುತ್ತಾರೆ. ಇದೊಂದರಿಂದಲೇ ಅರ್ಧ ತೊಂದರೆ ತಪ್ಪಿದೆ. ಮಾತಾಡಲು ಹಿಂಜರಿಯುವವರಿಗೆ ಚೀಟಿ ಇಟ್ಟಿರುತ್ತೇವೆ, ಹೆಸರು ಬರೆಯಬೇಕಿಲ್ಲ. ಒಳ್ಳೆಯ ಪ್ರಶ್ನೆಗಳು ಹೆಚ್ಚಾಗಿ ಬರುವುದು ಚೀಟಿಯಲ್ಲೇ, ಅದರಲ್ಲೂ ಹೆಂಗಸರಿಂದ.

ಭಾಷಣಕಾರರು ತಪ್ಪು ಹೇಳಿದ್ರೆ ಎದ್ದು ಹೇಳಬಹುದಾ? ದೊಡ್ಡವರಿಗೆ ಅವಮಾನ ಆಗೋದಿಲ್ವಾ?

ಹೇಳಬಹುದು, ಹೇಳಲೇಬೇಕು. ಹಾಗೆ ಹೇಳುವಾಗ ನಿಮಗೆ ಅದು ಹೇಗೆ ಗೊತ್ತು ಎಂಬುದನ್ನೂ ಸೇರಿಸಿ: ಓದಿದ್ದೋ, ಅಜ್ಜಿ ಹೇಳಿದ್ದೋ, ಕಲ್ಲಿನ ಮೇಲೆ ನೋಡಿದ್ದೋ. ಭಾಷಣಕಾರರಿಗೂ ಇದೇ ಷರತ್ತು. "ಎಲ್ಲರಿಗೂ ಗೊತ್ತಿರುವ ಹಾಗೆ" ಎಂದು ಯಾರಾದರೂ ಶುರುಮಾಡಿದರೆ ಸಭೆಯಲ್ಲಿ ಈಗ ನಗು ಬರುತ್ತದೆ, ಅಷ್ಟರ ಮಟ್ಟಿಗೆ ನಮ್ಮ ಜನ ಪಳಗಿದ್ದಾರೆ.

## ವಿಷಯಗಳ ಬಗ್ಗೆ

ಕೊಡಗಿನ ಇತಿಹಾಸ ಅಂದ್ರೆ ಹಾಲೇರಿ ರಾಜರಿಂದ ಶುರು ಅಲ್ವಾ?

ಮಡಿಕೇರಿಯಲ್ಲಿ ಕೂತು ನೋಡಿದರೆ ಹಾಗೆ ಅನ್ನಿಸುತ್ತದೆ. ಆ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ. ಕೋಟೆ, ಗದ್ದುಗೆ (ಅರಸರ ಸಮಾಧಿ), 1820ರಲ್ಲಿ ಲಿಂಗರಾಜ ಕಟ್ಟಿಸಿದ ಓಂಕಾರೇಶ್ವರ ಎಲ್ಲವೂ ಕಣ್ಣೆದುರಿಗೇ ಇವೆ. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿಗೆ ಹೋದರೆ ಲೆಕ್ಕ ಬದಲಾಗುತ್ತದೆ. ಅಲ್ಲಿಯ ಜೈನ ಬಸದಿಗಳು 11ನೇ ಶತಮಾನದವು, ಕೊಂಗಾಳ್ವರ ಕಾಲದವು. ಗಂಗರ ಶಾಸನಗಳು ಅದಕ್ಕೂ ಹಿಂದಿನವು. ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೊದಲ ಸಂಪುಟವನ್ನು 1886ರಲ್ಲಿ ತಂದಾಗ ಅದಕ್ಕೆ ಆರಿಸಿಕೊಂಡದ್ದು ಕೊಡಗಿನ ಶಾಸನಗಳನ್ನೇ.

ಇತ್ತ ಕಡೆಯ ಕಾಲವೂ ಮುಖ್ಯ. 1834ರಲ್ಲಿ ಬ್ರಿಟಿಷರು ರಾಜ್ಯವನ್ನು ವಶಪಡಿಸಿಕೊಂಡರು. ಸ್ವಾತಂತ್ರ್ಯದ ನಂತರ ಕೊಡಗು ಸ್ವಲ್ಪ ಕಾಲ ತನ್ನದೇ ವಿಧಾನಸಭೆಯಿದ್ದ 'ಸಿ' ದರ್ಜೆಯ, ಅಂದರೆ ಕೇಂದ್ರದ ಉಸ್ತುವಾರಿಯ ಚಿಕ್ಕ ರಾಜ್ಯವಾಗಿತ್ತು. ಎರವರು, ಜೇನುಕುರುಬರು, ಬೆಟ್ಟಕುರುಬರು, ಕುಡಿಯರು ಈ ಯಾವ ರಾಜವಂಶದ ಪಟ್ಟಿಯಲ್ಲೂ ಸಿಗುವುದಿಲ್ಲ. ಅವರ ಇತಿಹಾಸವನ್ನು ಅರಸರ ಕಾಲಾನುಕ್ರಮದಲ್ಲಿ ಹೇಳಲು ಹೋದರೆ ಹೇಳದೆ ಬಿಟ್ಟಂತೆಯೇ ಆಗುತ್ತದೆ.

ಬರೆದಿಟ್ಟದ್ದು ಮಾತ್ರ ಇತಿಹಾಸವಾ? ನಮ್ಮ ಹಾಡುಗಳು ಲೆಕ್ಕಕ್ಕಿಲ್ವಾ?

ಲೆಕ್ಕಕ್ಕಿವೆ. ಅದು ನೂರು ವರ್ಷದ ಹಿಂದೆಯೇ ತೀರ್ಮಾನವಾದ ಮಾತು. ನಡಿಕೇರಿಯಂಡ ಚಿಣ್ಣಪ್ಪ ಅವರು ಮನೆಮನೆಯ ಹಾಡು, ಗಾದೆ, ಹಬ್ಬದ ಕಟ್ಟಳೆಗಳನ್ನು ಕಲೆಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಅಚ್ಚು ಹಾಕಿಸಿದರು. ಕೊಡವ ತಕ್ಕಿನ ಹಾಡು, ಕನ್ನಡ ಲಿಪಿ. ದುಡಿ ಹಿಡಿದು ನಾಲ್ವರು ಕೂತು ಹಾಡುತ್ತಿದ್ದದ್ದು ಹಾಗೆ ಕಾಗದಕ್ಕೆ ಬಂತು.

ಆದರೆ ಹಾಡನ್ನು ಶಾಸನದ ಹಾಗೆ ಓದಬಾರದು. ದಾನ ಕೊಟ್ಟ ಅರಸ ಯಾರು, ಯಾವ ವರ್ಷ ಎಂಬುದಕ್ಕೆ ಶಾಸನ ಬೇಕು. ಮನೆಯಲ್ಲಿ ಸಾವಾದಾಗ ಯಾರು ಏನು ಮಾಡಬೇಕು, ಯಾವ ಒಕ್ಕಕ್ಕೂ (ಮನೆತನಕ್ಕೂ) ಯಾವ ದೇವರಕಾಡಿಗೂ ಏನು ನಂಟು, ಊರು ತನ್ನನ್ನು ತಾನು ಹೇಗೆ ನೆನಪಿಟ್ಟುಕೊಂಡಿದೆ ಎಂಬುದಕ್ಕೆ ಹಾಡೇ ಬೇಕು. ಇದನ್ನೆಲ್ಲ ಶಾಸನ ಹೇಳುವುದಿಲ್ಲ. ಹಾಡಿನ ಉಪನ್ಯಾಸಕ್ಕೆ ಹಾಡುಗಾರರನ್ನೇ ಕರೆಸುತ್ತೇವೆ, ವಿವರಿಸುವವರು ಪಕ್ಕದಲ್ಲಿರುತ್ತಾರೆ. ಒಮ್ಮೊಮ್ಮೆ ಇಬ್ಬರಿಗೂ ವಾದ ಹತ್ತಿಕೊಳ್ಳುತ್ತದೆ, ಆ ದಿನ ಊಟದ ಹೊತ್ತು ಮೀರಿದರೂ ಯಾರೂ ಏಳುವುದಿಲ್ಲ.

ಎಲ್ಲಾ ಗಂಡಸರ ಕಥೆಯೇ. ರಾಜ, ದಿವಾನ, ಜನರಲ್. ಹೆಂಗಸರು ಎಲ್ಲಿ ಮೇಡಂ?

ಸರಿಯಾದ ದೂರು. ಹುಡುಕಿದರೆ ಸಿಗುತ್ತಾರೆ. ಮುಳ್ಳೂರಿನಲ್ಲಿ ಬಸದಿ ಕಟ್ಟಿಸಿದವರಲ್ಲಿ ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ ಇದ್ದಾಳೆ. ಕೊನೆಯ ಅರಸನ ಮಗಳು ಗೌರಮ್ಮ ತಂದೆಯೊಂದಿಗೆ ಲಂಡನ್ನಿಗೆ ಹೋಗಿ, 1852ರಲ್ಲಿ ವಿಕ್ಟೋರಿಯಾ ರಾಣಿಯೇ ಜ್ಞಾನಮಾತೆಯಾಗಿ ನಿಲ್ಲಲು ದೀಕ್ಷಾಸ್ನಾನ ಪಡೆದು, ತನ್ನೂರನ್ನು ಮತ್ತೆ ಕಾಣದೆ 1864ರಲ್ಲಿ ತೀರಿಕೊಂಡಳು. ಇನ್ನೊಬ್ಬರು ಕಥೆಗಾರ್ತಿ ಕೊಡಗಿನ ಗೌರಮ್ಮ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಹರಿಜನ ನಿಧಿಗೆ ತಮ್ಮ ಒಡವೆ ಕೊಟ್ಟವರು, 1939ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲೇ ನೀರಿನಲ್ಲಿ ಮುಳುಗಿ ಹೋದರು.

ಇವರೆಲ್ಲ ಹೆಸರು ಉಳಿದವರು. ತಲೆಮಾರುಗಳಿಂದ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿದ್ದು ಕಾಫಿ ಕೊಯ್ದ ಹೆಂಗಸರ ಮಾತನ್ನು ಅವರ ಮಕ್ಕಳು, ಮೊಮ್ಮಕ್ಕಳಿಂದಲೇ ಕೇಳಬೇಕು. ಅದಕ್ಕೆ ಪ್ರೊಫೆಸರ್ ಬೇಕಿಲ್ಲ. ಕೇಳುವವರು ಗಡಿಬಿಡಿ ಮಾಡದೆ ಕೂತರೆ ಸಾಕು.

ಕೊನೆಯ ರಾಜ ಕ್ರೂರಿ ಅಂತ ಓದಿದ್ದೇನೆ. ನಮ್ಮಜ್ಜ ಹಾಗೆ ಹೇಳ್ತಿರಲಿಲ್ಲ. ಯಾವುದನ್ನು ನಂಬೋದು?

ಮೊದಲು, ಹೇಳುತ್ತಿರುವವರು ಯಾರು ಎಂದು ನೋಡಿ. ಚಿಕ್ಕವೀರರಾಜೇಂದ್ರನ ಕ್ರೌರ್ಯದ ಬಗ್ಗೆ ಜೋರಾಗಿ ಬರೆದವರು 1834ರಲ್ಲಿ ಅವನ ರಾಜ್ಯವನ್ನು ತೆಗೆದುಕೊಂಡವರು. ರಾಜ್ಯ ಕಿತ್ತುಕೊಳ್ಳಲು ಅವರಿಗೆ ಕಾರಣ ಬೇಕಿತ್ತು. ಹಾಗೆಂದು ಆಪಾದನೆಯೆಲ್ಲ ಸುಳ್ಳು ಎನ್ನಲೂ ಆಗುವುದಿಲ್ಲ, ಅರಮನೆಯೊಳಗಿನ ಕೊಲೆಗಳ ನೆನಪು ಊರವರಲ್ಲೂ ಉಳಿದಿದೆ. ಅವನ ಮೇಲಿನ ಕಾದಂಬರಿ ಓದಿ ಬಂದವರು ಕಾದಂಬರಿಯ ರಾಜನನ್ನೇ ನಿಜ ಎಂದುಕೊಂಡಿರುತ್ತಾರೆ, ಅದೂ ಒಂದು ತೊಡಕು.

ಕಾಗದದಲ್ಲಿ ಗಟ್ಟಿಯಾಗಿ ಸಿಗುವುದು ಇಷ್ಟು: ಪದಚ್ಯುತನಾದ ಮೇಲೆ ಅವನನ್ನು ಕಾಶಿಯಲ್ಲಿ ಇಟ್ಟರು, 1852ರಲ್ಲಿ ಲಂಡನ್ನಿಗೆ ಹೋದ, ತನ್ನ ಹಣಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆಯೇ ದಾವೆ ಹೂಡಿದ, 1859ರಲ್ಲಿ ಅಲ್ಲೇ ಸತ್ತ. ನಿಮ್ಮಜ್ಜನ ಮಾತನ್ನು ಬರೆದಿಡಿ, ಅದು ಅವರಿಗೆ ಯಾರಿಂದ ಬಂತು ಎಂಬುದನ್ನೂ ಸೇರಿಸಿ. ರಾಜನ ಕಾಲಕ್ಕೆ ಅದು ಎಷ್ಟು ಹತ್ತಿರದ ಸಾಕ್ಷಿ ಎಂದು ಆಗ ತೂಗಬಹುದು.

ಟಿಪ್ಪು, ಕಲ್ಯಾಣಪ್ಪನ ಕಾಟಕಾಯಿ, ಇಂಥದ್ದೆಲ್ಲ ಇಟ್ಟು ಜಾತಿ-ಜಾತಿಗೆ ತಂದಿಡೋದು ಯಾಕೆ?

ಇಡದಿದ್ದರೆ ತಂದಿಡುವವರಿಗೆ ಇನ್ನೂ ಅನುಕೂಲ. ಟಿಪ್ಪುವಿನ ಸೈನ್ಯ ಕೊಡಗಿನವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ನಡೆದ ಸಂಗತಿ. ಎಷ್ಟು ಮಂದಿ ಎಂಬುದರಲ್ಲಿ ದಾಖಲೆಗಳಿಗೆ ಹೊಂದಾಣಿಕೆಯಿಲ್ಲ. ಆದ್ದರಿಂದ ವೇದಿಕೆಯ ಮೇಲೆ ಸಂಖ್ಯೆ ಹೇಳುವವರು ಅದು ಯಾರ ಸಂಖ್ಯೆ, ಅವರಿಗೆ ಅದರಿಂದ ಏನು ಪ್ರಯೋಜನವಿತ್ತು ಎಂಬುದನ್ನೂ ಹೇಳಬೇಕು. ಮಡಿಕೇರಿ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನೂ ಟಿಪ್ಪುವೇ. ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು ತಿರುಗಿಬಿದ್ದದ್ದೂ ಅದೇ ಕಥೆಯ ಭಾಗ. ಅರ್ಧ ಹೇಳಿ ನಿಲ್ಲಿಸಲು ಬಿಡುವುದಿಲ್ಲ.

ಕಲ್ಯಾಣಪ್ಪನ ಕಾಟಕಾಯಿ ಎಂದು ಕರೆಯುವ 1837ರ ದಂಗೆಯ ಮಾತು ಇನ್ನೂ ಸೂಕ್ಷ್ಮ, ಏಕೆಂದರೆ ಎರಡೂ ಕಡೆಯವರ ಮರಿಮಕ್ಕಳು ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಬ್ರಿಟಿಷರು ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ದಕ್ಷಿಣ ಕನ್ನಡಕ್ಕೆ ಸೇರಿಸಿದರು. ದವಸದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದರು. ಸುಗ್ಗಿಯ ಬೆಲೆಗೆ ಬೆಳೆ ಮಾರಿ ರೊಕ್ಕ ಹೊಂದಿಸುವುದು ರೈತರಿಗೆ ಆಗದ ಮಾತು. ಜನ ಎದ್ದರು, ಮಂಗಳೂರಿನವರೆಗೂ ಹೋಗಿ ಅದನ್ನು ಕೆಲದಿನ ಹಿಡಿದಿಟ್ಟುಕೊಂಡರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಬ್ರಿಟಿಷರ ಪರ ನಿಂತ ಕೊಡಗಿನವರಿಗೆ ಕಂಪನಿ ಪದಕ ಕೊಟ್ಟಿತು. ಎದ್ದವರಲ್ಲಿ ಒಂದೇ ಜಾತಿಯವರಿರಲಿಲ್ಲ, ಪದಕವನ್ನು ಒಂದು ಇಡೀ ಜಾತಿ ಪಡೆಯಲೂ ಇಲ್ಲ. ಇದನ್ನು ಹೇಳಿದ ದಿನ ಬಿಸಿ ಮಾತು ನಡೆಯುತ್ತದೆ. ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿಲ್ಲ.

ಇತಿಹಾಸ, ಸಂಸ್ಕೃತಿ ಸರಿ. ಪಂಚಾಯಿತಿ, ಕಾನೂನು ಇದೆಲ್ಲ ಯಾಕೆ ನಡುವೆ?

1932ರಲ್ಲಿ ಮಡಿಕೇರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ಡಿ.ವಿ. ಗುಂಡಪ್ಪ. ಕಾವ್ಯ ಬರೆಯುತ್ತಲೇ ಪೌರರ ಹೊಣೆಯ ಬಗ್ಗೆ ಜೀವಮಾನವಿಡೀ ಮಾತಾಡಿದವರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದೂ ಅದೇ ಕೆಲಸಕ್ಕೆ. ಸಾಹಿತ್ಯ ಒಂದು ಕಡೆ, ಪುರಸಭೆ ಇನ್ನೊಂದು ಕಡೆ ಎಂದು ಅವರು ಭಾಗ ಮಾಡಲಿಲ್ಲ. ನಾವು ಮಾಡುವ ಅಗತ್ಯವೂ ಕಾಣುವುದಿಲ್ಲ.

ಇಲ್ಲಿಯ ಮಟ್ಟಿಗಂತೂ ಸಂಸ್ಕೃತಿಯ ಪ್ರಶ್ನೆಯೆಲ್ಲ ಕೊನೆಗೆ ಜಮೀನಿನ ಪ್ರಶ್ನೆಯಾಗಿ ನಿಲ್ಲುತ್ತದೆ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳ ದೈವ, ತೆರೆ (ದೈವದ ಕುಣಿತ), ಹರಕೆ ಬಗ್ಗೆ ಮಾತು ಶುರುವಾದರೆ ಅರ್ಧ ಗಂಟೆಯಲ್ಲಿ ಒತ್ತುವರಿಗೆ ಬಂದು ತಲುಪುತ್ತದೆ. ನಾಗರಹೊಳೆ ಅಂಚಿನ ಹಾಡಿಗಳ (ಆದಿವಾಸಿ ಊರುಗಳ) ಹಾಡು-ಕುಣಿತ ಎಂದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಮಾತು ಬಾರದೆ ಇರದು. ಹಕ್ಕಿನ ಅರ್ಜಿ ಮೊದಲು ಹೋಗುವುದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಎಂಬುದು ಸಭೆಯಲ್ಲಿ ಎಷ್ಟೋ ಮಂದಿಗೆ ಹೊಸ ಸುದ್ದಿ.

ಚಿಕ್ಕ ವಿಷಯವೂ ಹೀಗೆಯೇ. ನಿಮ್ಮ ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಸೇರಿರುತ್ತದೆ, 1965ರ ಕಾನೂನಿನ ಪ್ರಕಾರ. ಅದು ನಿಮ್ಮೂರಿನಲ್ಲಿ ಗ್ರಂಥಾಲಯಕ್ಕೆ ತಲುಪಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಬಹುದು. ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು, ಮೂವತ್ತು ದಿನದಲ್ಲಿ ಉತ್ತರಿಸಬೇಕು. ಒಂದು ಉಪನ್ಯಾಸದ ನಂತರ ಕೆಲವರು ಹಾಗೆ ಕೇಳಿಯೂ ಬಂದರು.

1956ರ ವಿಲೀನದ ಬಗ್ಗೆ ಮಾತಾಡಿದ್ರೆ ಅದು ರಾಜಕೀಯ ಅಲ್ವಾ?

ರಾಜಕೀಯವೇ. ರಾಜಕೀಯದ ಇತಿಹಾಸವೂ ಇತಿಹಾಸ. 1952ರ ಚುನಾವಣೆಯಲ್ಲಿ 24 ಸ್ಥಾನಗಳ ಕೊಡಗು ವಿಧಾನಸಭೆ ಬಂತು, ಚೆಪ್ಪುಡಿರ ಎಂ. ಪೂಣಚ್ಚ ಮುಖ್ಯಮಂತ್ರಿಯಾದರು, 1956ರ ನವೆಂಬರ್ 1ರಂದು ಆ ರಾಜ್ಯ ಮೈಸೂರಿನಲ್ಲಿ ಸೇರಿತು. ಬೇಕು ಎಂದವರಿದ್ದರು, ಬೇಡ ಎಂದವರಿದ್ದರು, ಇಬ್ಬರಿಗೂ ಕಾರಣಗಳಿದ್ದವು. ನಾವು ಬಿಡುವುದು ಇವತ್ತಿನ ಪಕ್ಷಗಳ ಪ್ರಚಾರವನ್ನು ಮಾತ್ರ. ಚುನಾವಣೆ ಘೋಷಣೆಯಾದರೆ ಅಭ್ಯರ್ಥಿಗಳು ಕೇಳುಗರಾಗಿ ಬರಬಹುದು, ವೇದಿಕೆ ಇಲ್ಲ.

## ನೀವೇ ನಡೆಸುವುದಾದರೆ

ನಮ್ಮೂರಲ್ಲೂ ಮಾಡಬೇಕು ಅಂತ ಉಂಟು. ಎಂತೆಲ್ಲ ಬೇಕು?

ಜಾಗ, ಒಬ್ಬ ಭಾಷಣಕಾರ, ಕಾಫಿ. ಜಾಗಕ್ಕೆ ಮೊದಲು ಶಾಲೆ, ಆಮೇಲೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ (ಈಗ ಅರಿವು ಕೇಂದ್ರ ಎನ್ನುತ್ತಾರೆ), ಕೊನೆಗೆ ಯಾವುದಾದರೂ ಸಮಾಜದ ಕಟ್ಟಡ. ಒಂದು ಸಮುದಾಯದ ಕಟ್ಟಡದಲ್ಲಿಟ್ಟರೆ ಇನ್ನೊಬ್ಬರು ತಮ್ಮನ್ನು ಕರೆದಿಲ್ಲ ಎಂದುಕೊಳ್ಳುವುದುಂಟು, ಅದಕ್ಕೇ ಈ ಕ್ರಮ. ಹೊರಗೆ ಧ್ವನಿವರ್ಧಕ ಹಾಕುವುದಾದರೆ ಲಿಖಿತ ಅನುಮತಿ ಬೇಕು. ಐವತ್ತು ಜನಕ್ಕೆ ಮೈಕೇ ಬೇಡ. ಹತ್ತು ಜನ ಬಂದರೂ ಹೇಳಿದ ಹೊತ್ತಿಗೆ ಶುರುಮಾಡಿ. "ಇನ್ನೂ ಸ್ವಲ್ಪ ಜನ ಬರಲಿ" ಎಂದು ಕಾದರೆ ಮುಂದಿನ ಸಲ ಆ ಹತ್ತು ಜನವೂ ತಡವಾಗಿ ಬರುತ್ತಾರೆ.

ಭಾಷಣಕಾರರನ್ನು ಎಲ್ಲಿಂದ ತರೋದು? ಮೈಸೂರು, ಮಂಗಳೂರಿನಿಂದಲೇ ಬರಬೇಕಾ?

ಬೇಕಿಲ್ಲ. ಚಿಕ್ಕಅಳುವಾರದಲ್ಲಿ ವಿಶ್ವವಿದ್ಯಾಲಯವಿದೆ, ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಗಳಲ್ಲಿ ಕಾಲೇಜುಗಳಿವೆ. 1994ರ ಕೊಡವ ಸಾಹಿತ್ಯ ಅಕಾಡೆಮಿ, 2011ರ ಅರೆಭಾಷೆ ಅಕಾಡೆಮಿ ಎರಡೂ ಮಡಿಕೇರಿಯಲ್ಲಿವೆ. ಯಾರು ಯಾವ ವಿಷಯದಲ್ಲಿ ಕೆಲಸ ಮಾಡಿದ್ದಾರೆಂದು ಅಲ್ಲಿ ವಿಚಾರಿಸಬಹುದು. ನಿವೃತ್ತ ಮೇಷ್ಟ್ರುಗಳು, ಸರ್ವೆ ಇಲಾಖೆಯಲ್ಲಿದ್ದವರು, ಹಳೆಯ ಸೈನಿಕರು ಇವರನ್ನು ಮರೆಯಬೇಡಿ. ಜನರಲ್ ತಿಮ್ಮಯ್ಯನವರ ಬಗ್ಗೆ ಮಾತಾಡಲು ಪುಸ್ತಕ ಓದಿದವರು ಬೇಕಾದಷ್ಟಿದ್ದಾರೆ, ಸೈನ್ಯದ ದಿನಚರಿ ಬಲ್ಲವರು ಮಾತಾಡಿದರೆ ಅದರ ರುಚಿಯೇ ಬೇರೆ. ಎಲ್ಲಾ ಗೊತ್ತಿರುವ ಭಾಷಣಕಾರರನ್ನು ಮಾತ್ರ ದೂರವಿಡಿ.

ಐನ್‌ಮನೆಯಲ್ಲಿ ಇಡಬಹುದಾ?

ಐನ್‌ಮನೆ ಎಂದರೆ ಒಕ್ಕದ ಮೂಲಮನೆ. ಮನೆಯವರು ಒಪ್ಪಿದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಆ ಒಕ್ಕದ ಹಿರಿಯರ ಅನುಮತಿ ಬೇಕು, ಒಬ್ಬ ಮಗ ಹೂಂ ಅಂದರೆ ಸಾಲದು. ಕೈಮಡದ (ಹಿರಿಯರ ಗುಡಿಯ) ಹತ್ತಿರ ಫೋಟೋ ತೆಗೆಯುವ ಮುಂಚೆ ಕೇಳಿ. ಅಂದಿನ ವಿಷಯ ಆ ಮನೆಯ ಹೊಗಳಿಕೆಯಾಗದಂತೆ ಮೊದಲೇ ಮಾತಾಡಿಕೊಳ್ಳಿ.

ಮನೆಯಲ್ಲಿ ಹಳೇ ಸನ್ನದು (ಸರ್ಕಾರ, ಅರಸರು ಕೊಟ್ಟ ಹಕ್ಕುಪತ್ರ), ಕಾಗದಪತ್ರ ಉಂಟು. ನಿಮಗೆ ತಂದು ಕೊಡಬೇಕಾ?

ಕೊಡಬೇಡಿ. ನಮಗೂ ಬೇಡ, ಸಭೆಯಲ್ಲಿ ಸಿಕ್ಕ ಯಾವ ಸಂಶೋಧಕರಿಗೂ ಬೇಡ. ಎರವಲು ಹೋದ ಕಾಗದ ವಾಪಸು ಬರುವುದು ಅಪರೂಪ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಎರಡೂ ಬದಿಯ ಫೋಟೋ ತೆಗೆಯಿರಿ. ಹಿಂಬದಿಯ ಷರಾ, ಮೊಹರುಗಳೇ ಎಷ್ಟೋ ಸಲ ಹೆಚ್ಚು ಹೇಳುತ್ತವೆ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಅದನ್ನು ಮತ್ತೆ ಬಿಡಿಸಲು ಹೋದರೆ ಕಾಗದವೇ ಹರಿಯುತ್ತದೆ. ಹರಿದಲ್ಲಿ ಸೆಲ್ಲೋಟೇಪೂ ಬೇಡ. ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಟ್ಟರೆ ಇನ್ನೂ ಬೇಗ. ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಎತ್ತರದಲ್ಲಿಟ್ಟು, ಮಳೆ ನಿಂತ ಮೇಲೆ ನೆರಳಿನಲ್ಲಿ ಗಾಳಿಗೆ ಬಿಡಿಸಿಡಿ.

ಓದಲು ಬಾರದಿದ್ದರೆ ಫೋಟೋ ತನ್ನಿ. ಹಳೆಯ ಕೈಬರಹ ಬಲ್ಲವರು ನಮ್ಮ ಸಭೆಗೆ ಬರುತ್ತಾರೆ, ಕಾಫಿ ಹೊತ್ತಿನಲ್ಲಿ ಕೂತು ಓದಿ ಕೊಡುತ್ತಾರೆ. ಜಮೀನಿನ ವ್ಯಾಜ್ಯ ನಡೆಯುತ್ತಿದ್ದರೆ ಮೊದಲು ನಿಮ್ಮ ವಕೀಲರಿಗೆ ತೋರಿಸಿ. ಎಲ್ಲರೆದುರು ಓದಿಸುವುದೋ ಬೇಡವೋ ಎಂದು ಆಮೇಲೆ ನೋಡೋಣ.